ತಲೆ ಎಣಿಕೆ

(ದಾವಣಗೆರೆಯಲ್ಲಿ ನಗರದ ನಿವಾಸಿಗಳ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕಳೆದ ಶ್ರಾವಣದ ಒಂದು ಮಂಗಳವಾರ ನಮ್ಮ ಅವ್ವ, "ದುಗ್ಗಮ್ಮನ ಗುಡಿಗೆ ಹೋಗಿ ಬರೋಣ" ಎಂದಳು. ಅವಳಿಗೆ ಈಗ 78 ವರ್ಷ. ಮೊಣಕಾಲು ನೋವಿದೆ, ಆದರೆ ಕೋಲು ಹಿಡಿಯಲು ಒಪ್ಪುವುದಿಲ್ಲ. ಆಟೊ ಕರೆಯುತ್ತೇನೆ ಎಂದರೆ, "ಬೇಡ, ಹೆಂಗಸರಿಗೆ ಬಸ್ಸು ಉಚಿತ ಮಾಡಿದ್ದಾರೆ, ಬಸ್ಸಿಗೇ ಹೋಗೋಣ" ಎಂದು ಹಟ ಹಿಡಿದಳು. ಆಧಾರ್ ಕಾರ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟೇಬಿಟ್ಟಳು.

ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ಐದು ನಿಮಿಷದ ದಾರಿ. ಅದು ನನ್ನ ಕಾಲಿನ ಲೆಕ್ಕ. ಅಂದು ಅವ್ವನ ಕೈ ಹಿಡಿದುಕೊಂಡು ನಡೆದಾಗಲೇ ಆ ದಾರಿಯನ್ನು ನಾನು ಮೊದಲ ಸಲ ನೋಡಿದ್ದು. ಫುಟ್‌ಪಾತ್ ಶುರುವಾಗುವ ಕಡೆ ಅಂಚುಗಲ್ಲು ಮೊಣಕಾಲಿನ ಎತ್ತರಕ್ಕಿದೆ. ನನ್ನ ಭುಜ ಹಿಡಿದು ಹತ್ತಿದಳು. ಹತ್ತು ಹೆಜ್ಜೆಗೆ ಒಂದು ಮನೆಯವರು ಕಾರು ಏರಿಸಲು ಹಾಕಿಸಿದ ಸಿಮೆಂಟಿನ ಇಳಿಜಾರು; ಇಳಿದಳು. ಮತ್ತೆ ಹತ್ತಿದಳು. ಟ್ರಾನ್ಸ್‌ಫಾರ್ಮರ್ ಕಂಬ ಬಂತು, ಅದಕ್ಕೂ ಕಾಂಪೌಂಡಿಗೂ ನಡುವೆ ಮೈ ಓರೆ ಮಾಡಿ ನುಸುಳಬೇಕು, ಇಳಿದಳು. ಮುಂದೆ ಚರಂಡಿಯ ಮೇಲಿನ ಒಂದು ಚಪ್ಪಡಿ ಮುರಿದು ಒಳಗೆ ಬಿದ್ದಿತ್ತು. ಅದರ ಮುಂದೆ ಮನೆ ಕಟ್ಟುವವರ ಜಲ್ಲಿ ರಾಶಿ. ಐದು ನಿಮಿಷದ ದಾರಿಯಲ್ಲಿ ಹನ್ನೊಂದು ಸಲ ರಸ್ತೆಗೆ ಇಳಿದಳು. ಎಣಿಸಿದ್ದೇನೆ. ಎಣಿಸುವುದು ನನ್ನ ವೃತ್ತಿಯಿಂದ ಬಂದ ಅಭ್ಯಾಸ, ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವಳು ನಾನು.

ಮುಖ್ಯ ರಸ್ತೆಗೆ ಬಂದರೆ ಬಸ್ ನಿಲ್ಲುವುದು ಆಚೆ ಬದಿಗೆ. ನಡುವೆ ಡಿವೈಡರ್, ಅದರ ಮೇಲೆ ಕಬ್ಬಿಣದ ಸರಳುಗಳು. ದಾಟಬೇಕಾದರೆ ಡಿವೈಡರ್ ತೆರೆದಿರುವ ತಿರುವಿನವರೆಗೆ ಹೋಗಿ, ದಾಟಿ, ಅಷ್ಟೇ ದೂರ ಹಿಂದಕ್ಕೆ ಬರಬೇಕು. ನಾವು ತಿರುವಿನ ಹತ್ತಿರ ನಿಂತು ವಾಹನಗಳ ಸಾಲು ಕಡಿಯಲಿ ಎಂದು ಕಾಯುತ್ತಿರುವಾಗಲೇ ಬಸ್ಸು ಬಂತು, ನಿಂತಿತು, ಹೊರಟುಹೋಯಿತು. ಅವ್ವ ಏನೂ ಹೇಳಲಿಲ್ಲ. ಸೆರಗಿನ ಗಂಟನ್ನು ಬಿಚ್ಚಿ ಕಾರ್ಡನ್ನು ನನ್ನ ಕೈಗೆ ಕೊಟ್ಟು, "ನಿನ್ನ ಚೀಲದಲ್ಲೇ ಇಟ್ಟುಕೋ" ಎಂದಳು. ಆಟೊದಲ್ಲಿ ಹೋದೆವು.

ಶಕ್ತಿ ಯೋಜನೆ ಜಾರಿಗೆ ಬಂದದ್ದು 2023ರ ಜೂನ್ 11ರಂದು. ರಾಜ್ಯದ ಸಾರಿಗೆ ನಿಗಮಗಳ ಬಸ್ಸುಗಳಲ್ಲಿ ಹೆಂಗಸರು ಟಿಕೆಟಿನ ಹಣ ಕೊಡಬೇಕಾಗಿಲ್ಲ. ಅದರಿಂದ ಕೂಲಿಗೆ, ಕಾಲೇಜಿಗೆ, ಆಸ್ಪತ್ರೆಗೆ ಹೋಗುವ ಎಷ್ಟೋ ಹೆಣ್ಣುಮಕ್ಕಳ ಕೈಯಲ್ಲಿ ನಾಲ್ಕು ಕಾಸು ಉಳಿದಿದೆ. ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಅವ್ವನಿಗೆ ಬಸ್ಸು ಉಚಿತವಾಗಿಯೂ ಬಸ್ಸಿನವರೆಗಿನ ದಾರಿ ದುಬಾರಿಯಾಯಿತು. ಇವತ್ತು ನಾನು ಮಾತನಾಡಬೇಕೆಂದಿರುವುದು ಆ ದಾರಿಯ ಬಗ್ಗೆ. ಸುಸ್ಥಿರ ನಗರ, ಹಸಿರು ಸಾರಿಗೆ ಎಂಬ ದೊಡ್ಡ ಮಾತುಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಆ ಅಂಚುಗಲ್ಲಿನ ಮುಂದೆಯೇ ಎಂದು ನಾನು ನಂಬಿದ್ದೇನೆ.

ಮರುದಿನ ಅಳತೆ ಟೇಪು ತೆಗೆದುಕೊಂಡು ಹೋದೆ. ಅಂಚುಗಲ್ಲಿನ ಎತ್ತರ 38 ಸೆಂಟಿಮೀಟರ್. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪಾದಚಾರಿ ಸೌಲಭ್ಯಗಳಿಗೆಂದೇ ಒಂದು ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರಕಾರ ಅಂಚಿನ ಎತ್ತರ 15 ಸೆಂಟಿಮೀಟರ್ ಮೀರಬಾರದು, ಮನೆಗಳಿರುವ ಪ್ರದೇಶದಲ್ಲೂ ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಇರಬೇಕು. 1.8 ಮೀಟರ್ ಏಕೆಂದರೆ, ಎದುರುಬದುರಾಗಿ ಬರುವ ಎರಡು ಗಾಲಿಕುರ್ಚಿಗಳು ಪರಸ್ಪರ ದಾಟಿಹೋಗಲು ಅಷ್ಟು ಜಾಗ ಬೇಕು. ಟ್ರಾನ್ಸ್‌ಫಾರ್ಮರ್ ಕಂಬದ ಹತ್ತಿರ ನನ್ನ ಟೇಪು ತೋರಿಸಿದ್ದು 52 ಸೆಂಟಿಮೀಟರ್.

ಇನ್ನು ರಸ್ತೆ ದಾಟುವ ಲೆಕ್ಕ. ದಯವಿಟ್ಟು ನನ್ನ ಜೊತೆ ಮನಸ್ಸಿನಲ್ಲೇ ಮಾಡಿ. ಅವ್ವ ಸೆಕೆಂಡಿಗೆ ಮುಕ್ಕಾಲು ಮೀಟರ್ ನಡೆಯುತ್ತಾಳೆ. ರಸ್ತೆಯ ಅಗಲ 15 ಮೀಟರ್ ಎಂದಿಟ್ಟುಕೊಳ್ಳೋಣ. ದಾಟಲು 20 ಸೆಕೆಂಡು ಬೇಕು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವ ಬೈಕು ಆ 20 ಸೆಕೆಂಡಿನಲ್ಲಿ ಸುಮಾರು 280 ಮೀಟರ್ ಬಂದಿರುತ್ತದೆ. ಅಂದರೆ ಅವ್ವ ಧೈರ್ಯದಿಂದ ಕಾಲಿಡಬೇಕಾದರೆ 280 ಮೀಟರ್‌ವರೆಗೆ ರಸ್ತೆ ಖಾಲಿ ಇರಬೇಕು. ನಮ್ಮ ಹದಡಿ ರಸ್ತೆಯಲ್ಲೋ ಪಿ.ಬಿ. ರಸ್ತೆಯಲ್ಲೋ ಸಂಜೆ ಆರು ಗಂಟೆಗೆ ಅಷ್ಟು ಖಾಲಿ ಜಾಗ ಯಾವತ್ತಾದರೂ ಸಿಕ್ಕೀತೇ? ವೇಗ 30 ಕಿಲೋಮೀಟರಿಗೆ ಇಳಿದರೆ ಬೇಕಾಗುವ ಅಂತರ 170 ಮೀಟರಿಗಿಂತ ಕಡಿಮೆ. ರಸ್ತೆಯ ನಡುವೆ ನಿಂತು ಉಸಿರಾಡಲು ಒಂದೂವರೆ ಮೀಟರ್ ಅಗಲದ ಕಟ್ಟೆ ಮಾಡಿಕೊಟ್ಟರೆ ಒಂದು ಸಲಕ್ಕೆ ಅರ್ಧ ರಸ್ತೆ ದಾಟಿದರೆ ಸಾಕು, ಅಂತರ ಮತ್ತೆ ಅರ್ಧವಾಗುತ್ತದೆ. ಮೇಲ್ಸೇತುವೆ ಬೇಕಿಲ್ಲ, ಲಿಫ್ಟು ಬೇಕಿಲ್ಲ. ಒಂದು ಕಟ್ಟೆ, ಬಿಳಿ ಬಣ್ಣ, ಎರಡು ಹಂಪು ಸಾಕು.

ವೇಗದ ವಿಷಯದಲ್ಲಿ ಇನ್ನೊಂದು ಮಾತು. ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂದು ಒಂಬತ್ತನೆಯ ತರಗತಿಯ ಮಕ್ಕಳೂ ಹೇಳುತ್ತಾರೆ. 30ರಿಂದ 50ಕ್ಕೆ ಹೋದರೆ ಹೊಡೆತ ಎರಡೂ ಮುಕ್ಕಾಲು ಪಟ್ಟು ಹೆಚ್ಚು. 30ರಿಂದ 60ಕ್ಕೆ ಹೋದರೆ ನಾಲ್ಕು ಪಟ್ಟು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯವೇ ಲೆಕ್ಕ ಕೊಟ್ಟಿದೆ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ದಿನಕ್ಕೆ ತೊಂಬತ್ತು. ಪ್ರತಿದಿನ ಒಂದೂವರೆ ಬಸ್ಸಿನಷ್ಟು ಜನ, ರಸ್ತೆಯಲ್ಲಿ ಕಾಲಿಟ್ಟ ತಪ್ಪಿಗೆ. ನಾರ್ವೆಯ ಓಸ್ಲೋ ನಮ್ಮೂರಿಗಿಂತ ದೊಡ್ಡ ನಗರ, ಸುಮಾರು ಏಳು ಲಕ್ಷ ಜನರಿರುವ ಊರು. 2019ರಲ್ಲಿ ಅಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು ಒಬ್ಬರೇ ಒಬ್ಬರು. ಪಾದಚಾರಿಗಳಲ್ಲಿ ಒಬ್ಬರೂ ಇಲ್ಲ, ಸೈಕಲ್ ಸವಾರರಲ್ಲೂ ಇಲ್ಲ. ಅಲ್ಲಿ ವೇಗ ಇಳಿಸಿದರು, ಊರಿನ ಮಧ್ಯಭಾಗದ ಪಾರ್ಕಿಂಗ್ ತೆಗೆದರು, ಆ ಜಾಗವನ್ನು ನಡೆಯುವವರಿಗೂ ಸೈಕಲ್ಲಿಗೂ ಕೊಟ್ಟರು. ಅದು ಶ್ರೀಮಂತ ದೇಶ ಎಂದು ನೀವು ಹೇಳಬಹುದು. ಅವರು ಮಾಡಿದ ಕೆಲಸಗಳಲ್ಲಿ ಬಹುಪಾಲಿಗೆ ಬೇಕಾಗಿದ್ದು ಹಣಕ್ಕಿಂತ ಹೆಚ್ಚಾಗಿ ತೀರ್ಮಾನ.

ನಮಗೆ ಆ ತೀರ್ಮಾನ ಏಕೆ ಕಷ್ಟವಾಗುತ್ತದೆ? ನನಗೆ ಉತ್ತರ ಸಿಕ್ಕಿದ್ದು ತರಗತಿಯಲ್ಲಿ. ಅಂಕಿಅಂಶ ಪಾಠ ಮಾಡುವಾಗ ಮಕ್ಕಳನ್ನು ಶಾಲೆಯ ಮುಂದಿನ ರಸ್ತೆಗೆ ಕರೆದುಕೊಂಡು ಹೋಗಿ, ಅರ್ಧ ಗಂಟೆ ಯಾವ ಯಾವ ವಾಹನ ಎಷ್ಟು ಹೋಯಿತೆಂದು ಗೀಟು ಹಾಕಲು ಹೇಳುತ್ತಿದ್ದೆ. ನಾಲ್ಕು ಗೀಟು, ಐದನೆಯದು ಅಡ್ಡ ಗೀಟು. ಬೈಕಿನ ಸಾಲು ಪುಟ ತುಂಬಿ ಮುಂದಿನ ಪುಟಕ್ಕೆ ಹೋಗುತ್ತಿತ್ತು. ಕಾರಿನದು ಉದ್ದ. ಬಸ್ಸಿನ ಮುಂದೆ ನಾಲ್ಕೋ ಐದೋ ಗೀಟು. ನಡೆಯುವವರಿಗೆ ಸಾಲೇ ಇರಲಿಲ್ಲ, ಅವರು ವಾಹನ ಅಲ್ಲವಲ್ಲ. ಒಂದು ವರ್ಷ ಒಬ್ಬಳು ಹುಡುಗಿ ಕೈ ಎತ್ತಿ, "ಟೀಚರ್, ಬಸ್ಸಿಗೂ ಒಂದೇ ಗೀಟಾ? ಅದರಲ್ಲಿ ಎಷ್ಟೊಂದು ಜನ ಇದ್ದರು" ಎಂದು ಕೇಳಿದಳು. ಮರುದಿನ ಮತ್ತೆ ಹೊರಗೆ ಹೋದೆವು. ವಾಹನ ಬಿಟ್ಟು ತಲೆ ಎಣಿಸಿದೆವು. ನಡೆಯುವವರಿಗೂ ಒಂದು ಸಾಲು ಬರೆದೆವು. ಸ್ತಂಭಾಲೇಖ ಬಿಡಿಸಿದಾಗ ಇಡೀ ಚಿತ್ರ ತಲೆಕೆಳಗಾಗಿತ್ತು. ಬಸ್ಸಿನ ಕಂಬ ಮೇಲೆದ್ದಿತ್ತು, ಕಾರಿನದು ಕುಗ್ಗಿತ್ತು. ಎಲ್ಲಕ್ಕಿಂತ ಎತ್ತರದ್ದು ನಡೆದು ಹೋದವರದ್ದು. ಆ ಹುಡುಗಿಯ ಪ್ರಶ್ನೆಗೆ ನಾನು ಇವತ್ತಿಗೂ ಋಣಿ.

ನಮ್ಮ ರಸ್ತೆಗಳನ್ನು ಮಾಡುವವರು ಇನ್ನೂ ಮೊದಲ ದಿನದ ಗೀಟುಗಳನ್ನೇ ನೋಡುತ್ತಿದ್ದಾರೆ. ಕಾಗದದ ಮೇಲೆ ಹಾಗಿಲ್ಲ. ಕೇಂದ್ರ ಸರ್ಕಾರ 2006ರಲ್ಲೇ ರಾಷ್ಟ್ರೀಯ ನಗರ ಸಾರಿಗೆ ನೀತಿ ತಂದಿತು. ರಸ್ತೆಯ ಜಾಗ ಹಂಚುವಾಗ ವಾಹನಗಳಿಗಿಂತ ಜನರನ್ನು ಗಮನದಲ್ಲಿ ಇಟ್ಟುಕೊಳ್ಳಬೇಕೆಂಬುದು ಅದರ ತಿರುಳು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಮೊದಲ ಸುತ್ತಿನಲ್ಲಿ ಆರಿಸಿದ 20 ನಗರಗಳಲ್ಲಿ ದಾವಣಗೆರೆಯೂ ಇತ್ತು. ಬೆಳಗಾವಿ ಮತ್ತು ನಮ್ಮದು, ಕರ್ನಾಟಕದಿಂದ ಎರಡೇ. ಆ ದಿನ ನಾವೆಲ್ಲ ಹೆಮ್ಮೆಪಟ್ಟೆವು. ಆ ಯೋಜನೆಯಿಂದ ಆದ ಒಳ್ಳೆಯ ಕೆಲಸಗಳೂ ಇವೆ. ಆದರೆ ಒಂದು ಬಡಾವಣೆಯಿಂದ ಇನ್ನೊಂದು ಬಡಾವಣೆಗೆ ಮುದುಕಿಯೊಬ್ಬಳು ಒಂಟಿಯಾಗಿ ನಡೆದು ಹೋಗಬಲ್ಲಳೇ ಎಂದು ಕೇಳಿಕೊಂಡರೆ ನಮಗೆ ನಾವೇ ಏನು ಉತ್ತರ ಕೊಡುತ್ತೇವೆ?

ವಾಹನ ಎಣಿಸುವವರಿಗೆ ಒಂದೇ ಮದ್ದು ಗೊತ್ತು: ರಸ್ತೆ ಅಗಲ ಮಾಡುವುದು. ಅದರ ಫಲವನ್ನು ನೋಡಲು ನಾವು ಹೊರದೇಶಕ್ಕೆ ಹೋಗಬೇಕಾಗಿಲ್ಲ. ಇಲ್ಲಿ ಕುಳಿತಿರುವ ಅರ್ಧದಷ್ಟು ಜನರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಅಲ್ಲಿ ಮೇಲ್ಸೇತುವೆಯ ಮೇಲೆ ಮೇಲ್ಸೇತುವೆ ಬಂತು, ಮರಗಳು ಹೋದವು, ಫುಟ್‌ಪಾತ್‌ಗಳು ಸವೆದವು. ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿತು. ಮಕ್ಕಳು ಫೋನ್ ಮಾಡಿ ಹೇಳುವ ಮೊದಲ ಮಾತು ಇವತ್ತಿಗೂ "ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೇನೆ". ರಸ್ತೆ ಅಗಲವಾದ ಕೂಡಲೇ ಕಾರು ತೆಗೆಯಲು ಹಿಂಜರಿಯುತ್ತಿದ್ದವನು ತೆಗೆಯುತ್ತಾನೆ. ಬಸ್ಸಿಗೆ ಹೋಗುತ್ತಿದ್ದವನು ಬೈಕು ಕೊಳ್ಳುತ್ತಾನೆ. ಜಾಗ ಮತ್ತೆ ತುಂಬುತ್ತದೆ. ಬೆಂಗಳೂರು ಆ ದಾರಿ ಹಿಡಿದು ಈಗ ಬಹಳ ಹಣ ಸುರಿದು ಹಿಂದಕ್ಕೆ ಬರಲು ನೋಡುತ್ತಿದೆ. ನಾವಿನ್ನೂ ಆ ದಾರಿಯ ಬಾಯಲ್ಲಿ ನಿಂತಿದ್ದೇವೆ.

ಮತ್ತು ನಮಗೆ ಆ ದಾರಿ ಹಿಡಿಯುವ ಅಗತ್ಯವೇ ಇಲ್ಲ. ನಮ್ಮ ನಗರದ ವಿಸ್ತೀರ್ಣ ಸುಮಾರು 77 ಚದರ ಕಿಲೋಮೀಟರ್. ಊರನ್ನು ಒಂದು ವೃತ್ತ ಎಂದುಕೊಂಡರೆ ಅದರ ತ್ರಿಜ್ಯ ಐದು ಕಿಲೋಮೀಟರಿಗೆ ಒಂದಿಷ್ಟು ಕಡಿಮೆ. ಅಂದರೆ ಊರಿನ ಅಂಚಿನಲ್ಲಿ ಇರುವವರೂ ಮಧ್ಯಕ್ಕೆ ಸೈಕಲ್ಲಿನಲ್ಲಿ 25 ನಿಮಿಷಕ್ಕೆ ಬರಬಹುದು. ನಿಟುವಳ್ಳಿಯಿಂದ, ಕೆ.ಟಿ.ಜೆ. ನಗರದಿಂದ, ವಿದ್ಯಾನಗರದಿಂದ ಜಯದೇವ ವೃತ್ತಕ್ಕೆ ಅಷ್ಟೂ ಬೇಡ. ಬೆಂಗಳೂರಿನವರು ಕೋಟಿ ಕೊಟ್ಟರೂ ಕೊಳ್ಳಲಾಗದ ಸಂಪತ್ತು ಇದು, ಹತ್ತಿರ ಎಂಬ ಸಂಪತ್ತು.

ಈ ಊರು ಒಂದು ಕಾಲದಲ್ಲಿ ಹಾಗೆಯೇ ನಡೆದಿತ್ತು. ನಮ್ಮ ಅಪ್ಪ ಹತ್ತಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ನಮ್ಮನ್ನು ಕರೆಯುತ್ತಿದ್ದ ದಿನಗಳು ಅವು. ಪಾಳಿ ಮುಗಿದು ಸೈರನ್ ಕೂಗಿತೆಂದರೆ ಗೇಟಿನಿಂದ ಸೈಕಲ್ಲುಗಳು ಹೊಳೆ ಹರಿದಂತೆ ಹೊರಗೆ ಬರುತ್ತಿದ್ದವು. ಅಪ್ಪನ ಸೈಕಲ್ಲಿನ ಹ್ಯಾಂಡಲ್ ಮೇಲೆ ಹತ್ತಿಯ ಎಳೆಗಳು ಅಂಟಿಕೊಂಡಿರುತ್ತಿದ್ದವು. ನಾನು ಅವನ್ನು ಕೀಳುತ್ತಾ ಮುಂದಿನ ಕಂಬಿಯ ಮೇಲೆ ಕುಳಿತು ಬೀದಿ ಸುತ್ತುತ್ತಿದ್ದೆ. ಆದರೆ ಆ ಕಾಲ ಮರಳಿ ಬರಲಿ ಎಂದು ನಾನು ಹೇಳುವುದಿಲ್ಲ. ಅದು ಬಡತನದ ಸೈಕಲ್. ಬೇರೇನೂ ಕೊಳ್ಳಲಾಗದೆ ಅಪ್ಪ ತುಳಿದರು, ಮೊದಲ ಬೋನಸ್ಸಿನಲ್ಲಿ ಮೊಪೆಡ್ ಬಂದಾಗ ಮನೆಯಲ್ಲಿ ಹಬ್ಬ ಮಾಡಿದೆವು. ನಾನು ಕೇಳುತ್ತಿರುವುದು, ಯಾವ ಹಂಗೂ ಇಲ್ಲದೆ, ಮನಸ್ಸಿಗೆ ಬಂದು ಸೈಕಲ್ ಹತ್ತುವ ಸ್ವಾತಂತ್ರ್ಯ. ಹೆಣ್ಣುಮಗಳೊಬ್ಬಳು ಪಿ.ಯು. ಕಾಲೇಜಿಗೆ ಸೈಕಲ್ಲಿನಲ್ಲಿ ಹೋಗುತ್ತೇನೆ ಎಂದರೆ ಅವಳ ತಾಯಿಯ ಎದೆ ಡವಗುಟ್ಟಬಾರದು.

ಬೆಳಿಗ್ಗೆ ಕುಂದವಾಡ ಕೆರೆಗೆ ಹೋಗಿ ನೋಡಿ. ವಾಕಿಂಗ್‌ಗೆ ಬಂದವರ ಕಾರು, ಬೈಕುಗಳು ಸಾಲುಗಟ್ಟಿ ನಿಂತಿರುತ್ತವೆ. ಅವರು ಯಾರನ್ನೂ ನಾನು ದೂರುವುದಿಲ್ಲ, ನಾನೂ ಹಾಗೆ ಹೋದವಳೇ. ನಡೆಯಬೇಕೆಂಬ ಆಸೆ ನಮ್ಮೂರಿನವರಲ್ಲಿ ಎಷ್ಟು ಗಟ್ಟಿಯಾಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಮನೆಯ ಮುಂದೆ ನಡೆಯಲು ಜಾಗವಿಲ್ಲದೆ ಜನ ಕೆರೆಯ ದಂಡೆ ಹುಡುಕಿಕೊಂಡು ಹೋಗುತ್ತಿದ್ದಾರೆ. ಬೀದಿಯಲ್ಲೇ ಆ ಸುಖ ಇದ್ದರೆ, ಹೊಂಗೆಯೋ ಬೇವೋ ನೆರಳು ಕೊಟ್ಟರೆ, ಏಪ್ರಿಲ್ಲಿನ ನಮ್ಮ ಬಿಸಿಲಿನಲ್ಲೂ ಪೇಟೆಗೆ ನಡೆದು ಹೋಗುವವರು ಇದ್ದಾರೆ. ಮರವಿಲ್ಲದ ಫುಟ್‌ಪಾತನ್ನು ನಮ್ಮ ಕಡೆ ಫುಟ್‌ಪಾತ್ ಎಂದು ಕರೆಯಲೇಬಾರದು.

ಈಗ ಬಸ್ಸಿಗೆ ಬರುತ್ತೇನೆ. ಬಸ್ಸಿನಲ್ಲಿ ಜನ ಹತ್ತುವುದಿಲ್ಲ, ಅದಕ್ಕೇ ಬಸ್ಸು ಹೆಚ್ಚು ಬಿಡುವುದಿಲ್ಲ ಎಂದು ಒಬ್ಬರು ಅಧಿಕಾರಿ ನನಗೆ ಹೇಳಿದ್ದರು. ಮುಕ್ಕಾಲು ಗಂಟೆಗೆ ಒಂದು ಬಸ್ಸು ಬಂದರೆ ಯಾರು ಕಾಯುತ್ತಾರೆ? ಇದನ್ನೂ ಲೆಕ್ಕ ಹಾಕಿ ನೋಡೋಣ. ಐದು ಕಿಲೋಮೀಟರಿನ ಒಂದು ಮಾರ್ಗ. ಹೋಗಿ ಬರಲು ಹತ್ತು ಕಿಲೋಮೀಟರ್. ಪೇಟೆಯಲ್ಲಿ ಬಸ್ಸಿನ ಸರಾಸರಿ ವೇಗ ಗಂಟೆಗೆ 15 ಕಿಲೋಮೀಟರ್ ಎಂದರೆ 40 ನಿಮಿಷದ ಸುತ್ತು. ಆ ಮಾರ್ಗದಲ್ಲಿ ನಾಲ್ಕು ಬಸ್ಸು ಓಡಿದರೆ ಹತ್ತು ನಿಮಿಷಕ್ಕೊಂದು ಬಸ್ಸು. ಹತ್ತು ಮುಖ್ಯ ಮಾರ್ಗಗಳಿಗೆ 40 ಬಸ್ಸು. ರಿಪೇರಿಗೆ ನಿಲ್ಲುವವು, ಡ್ರೈವರಿನ ಊಟದ ಹೊತ್ತು ಎಲ್ಲ ಸೇರಿಸಿ 50 ಎನ್ನಿ. 2011ರ ಜನಗಣತಿಯಲ್ಲೇ ನಾಲ್ಕು ಲಕ್ಷ 35 ಸಾವಿರದಷ್ಟು ಜನರಿದ್ದ ಊರಿಗೆ 50 ಬಸ್ಸು ಹೆಚ್ಚಾಯಿತೇ? ಹತ್ತು ನಿಮಿಷಕ್ಕೊಂದು ಬಸ್ಸು ಇದ್ದರೆ ಯಾರೂ ವೇಳಾಪಟ್ಟಿ ನೋಡುವುದಿಲ್ಲ, ಸುಮ್ಮನೆ ಹೋಗಿ ನಿಲ್ಲುತ್ತಾರೆ. ಜನ ಬಸ್ಸನ್ನು ನಂಬುವುದು ಆಗ.

2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಪಿ.ಎಂ. ಇ-ಬಸ್ ಸೇವಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ 10,000 ವಿದ್ಯುತ್ ಬಸ್ಸುಗಳನ್ನು ಕೊಡುವ ಯೋಜನೆ ಅದು. ನಮ್ಮಂಥ ಊರಿಗೆ ಹೇಳಿ ಮಾಡಿಸಿದಂತಿದೆ. ಆದರೆ ಹೊಸ ಬಸ್ಸು ಬಂದು ಹಳೆಯ ರಸ್ತೆಯಲ್ಲಿ ಕಾರುಗಳ ಹಿಂದೆ ಸಿಕ್ಕಿಕೊಂಡರೆ, ಹತ್ತುವವರು ಆಚೆ ಬದಿಯಲ್ಲೇ ಉಳಿದರೆ, ಮತ್ತೆ ಅದೇ ಕಥೆ. ನಮ್ಮಲ್ಲಿ ಖಾಸಗಿ ಸಿಟಿ ಬಸ್ಸುಗಳೂ ಇವೆ. ಅವು ಎಷ್ಟೋ ವರ್ಷಗಳಿಂದ ಈ ಊರನ್ನು ಹೊತ್ತು ತಿರುಗಿವೆ. ಶಕ್ತಿ ಯೋಜನೆ ಅವಕ್ಕೆ ಅನ್ವಯಿಸುವುದಿಲ್ಲ. ಎರಡಕ್ಕೂ ಒಂದೇ ನಕ್ಷೆ, ಒಂದೇ ಮಾರ್ಗಸಂಖ್ಯೆ, ಸ್ಟಾಪಿನಲ್ಲಿ ಕನ್ನಡದಲ್ಲಿ ಬರೆದ ಒಂದೇ ಫಲಕ ಇರಲಿ. ವಿದ್ಯುತ್ ಕಾರು ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೂ ಒಂದು ಮಾತು: ಹೊಗೆ ಕಡಿಮೆಯಾಗುತ್ತದೆ, ನಿಜ. ಜಾಗ ಅಷ್ಟೇ ಬೇಕು.

ಜಾಗದ ಲೆಕ್ಕ ನನ್ನನ್ನು ಬಹಳ ಕಾಡಿದೆ. ಒಂದು ಕಾರು ನಿಲ್ಲಲು ಎರಡೂವರೆ ಮೀಟರಿಗೆ ಐದು ಮೀಟರ್, ಅಂದರೆ 12.5 ಚದರ ಮೀಟರ್ ಬೇಕು. ಅದು ಒಳಗೆ ಬರುವ, ತಿರುಗುವ ದಾರಿ ಬಿಟ್ಟು. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ನಗರದ ಅತಿ ಬಡ ಕುಟುಂಬಕ್ಕೆ ನಿಗದಿ ಮಾಡಿದ ಮನೆಯ ಒಳಾಂಗಣ 30 ಚದರ ಮೀಟರ್. ಎರಡೂವರೆ ಕಾರು ನಿಂತರೆ ಒಂದು ಸಂಸಾರ. ನಾವು ರಸ್ತೆಯ ಪಕ್ಕ ಆ ಜಾಗವನ್ನು ಇಡೀ ದಿನ ಬಿಡಿಗಾಸಿಲ್ಲದೆ ಕೊಡುತ್ತೇವೆ. ಅದೇ ಜಾಗದಲ್ಲಿ ಸಂಜೆ ಎರಡು ಗಂಟೆ ಮಂಡಕ್ಕಿ-ಮೆಣಸಿನಕಾಯಿ ಮಾರುವವರು ತಳ್ಳುಗಾಡಿ ನಿಲ್ಲಿಸಿದರೆ ಎಬ್ಬಿಸುತ್ತೇವೆ. ಇದು ನನಗೆ ನ್ಯಾಯವಾಗಿ ಕಾಣುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ಜಾಗ ಗುರುತಿಸಿ ಕೊಡಬೇಕೆಂದು ಹೇಳುತ್ತದೆ. ಫುಟ್‌ಪಾತ್ ಅಗಲವಾಗಿದ್ದರೆ ಅವರೂ ಇರುತ್ತಾರೆ, ನಡೆಯುವವರೂ ಇರುತ್ತಾರೆ. ಸಂಜೆ ಮಿರ್ಚಿ ಅಂಗಡಿಯ ಬೆಳಕಿರುವ ಬೀದಿಯಲ್ಲಿ ಹೆಣ್ಣುಮಕ್ಕಳು ಧೈರ್ಯವಾಗಿ ಓಡಾಡುತ್ತಾರೆ ಎಂಬುದನ್ನೂ ಮರೆಯಬೇಡಿ.

ಮಂಡಿಪೇಟೆ, ಚಾಮರಾಜಪೇಟೆಯ ವ್ಯಾಪಾರಸ್ಥರು ಇಲ್ಲಿ ಕೆಲವರು ಬಂದಿದ್ದೀರಿ. ಅಂಗಡಿಯ ಮುಂದೆ ಪಾರ್ಕಿಂಗ್ ತೆಗೆದರೆ ಗಿರಾಕಿ ಬರುವುದಿಲ್ಲ ಎಂಬ ನಿಮ್ಮ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಚೆನ್ನೈನ ಟಿ. ನಗರದ ಪಾಂಡಿ ಬಜಾರ್ ನಿಮ್ಮ ಪೇಟೆಗಿಂತ ಹೆಚ್ಚು ಗಿಜಿಗುಡುವ ಜಾಗ. ಅಲ್ಲಿ 2019ರಲ್ಲಿ ಫುಟ್‌ಪಾತ್ ಅಗಲ ಮಾಡಿ, ಕುಳಿತುಕೊಳ್ಳಲು ಆಸನ ಹಾಕಿ, ಬೀದಿಯನ್ನು ನಡೆಯುವವರ ಜಾಗ ಮಾಡಿದರು. ಅದಕ್ಕೆ ಐದು ವರ್ಷ ಮೊದಲೇ, 2014ರಲ್ಲಿ, ಚೆನ್ನೈ ಪಾಲಿಕೆ ನಡಿಗೆ ಮತ್ತು ಸೈಕಲ್ಲಿಗೆಂದೇ ಒಂದು ನೀತಿ ಒಪ್ಪಿಕೊಂಡು, ಸಾರಿಗೆ ಬಜೆಟ್ಟಿನ ಶೇ 60ನ್ನು ಅದಕ್ಕೆ ಮೀಸಲಿಡಬೇಕೆಂದು ಬರೆದಿಟ್ಟಿತು. ಒಮ್ಮೆ ಅಲ್ಲಿಗೆ ಹೋಗಿ, ಅಲ್ಲಿನ ಅಂಗಡಿಯವರ ಜೊತೆಯೇ ಮಾತನಾಡಿ ಬನ್ನಿ. ನಿಮ್ಮ ಅಂಗಡಿಯ ಮುಂದೆ ಒಂದು ಕಾರು ಎರಡು ಗಂಟೆ ನಿಂತರೆ ನಿಮಗೆ ಸಿಗುವುದು ಒಬ್ಬ ಗಿರಾಕಿ, ಬಹಳಷ್ಟು ಸಲ ಅವನು ಪಕ್ಕದ ಅಂಗಡಿಗೆ ಬಂದವನು. ಸಾಮಾನಿನ ಲಾರಿಗಳಿಗೆ ಬೆಳಗಿನ ಹೊತ್ತು ಗೊತ್ತುಮಾಡಿದರೆ ಹಗಲಿನ ಬೀದಿ ಗಿರಾಕಿಗಳಿಗೆ ಉಳಿಯುತ್ತದೆ.

ನೆರೆಯ ಚಿತ್ರದುರ್ಗದ ಕೋಟೆಯನ್ನು ನೀವೆಲ್ಲ ನೋಡಿದ್ದೀರಿ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಊರಿನೊಳಗಿನ ಸಂತೆ ಹೊಂಡಕ್ಕೆ ನೀರು ಇಳಿಯುತ್ತದೆ. ನಡುವೆ ಒಂದು ಕಾಲುವೆ ಮುಚ್ಚಿಹೋದರೆ ಕೆಳಗಿನ ಹೊಂಡ ಒಣಗುತ್ತದೆ. ಸಾರಿಗೆಯನ್ನು ನಾನು ಹಾಗೆ ನೋಡುತ್ತೇನೆ. ಮನೆಯ ಬಾಗಿಲಿನಿಂದ ಫುಟ್‌ಪಾತಿಗೆ, ಅಲ್ಲಿಂದ ಸಿಟಿ ಬಸ್ಸಿಗೆ, ಬಸ್ಸಿನಿಂದ ರೈಲಿಗೆ. ನಮಗೆ ಹರಿಹರ 14 ಕಿಲೋಮೀಟರ್, ಎರಡೂ ಊರುಗಳಿಗೆ ಒಂದೇ ನಗರಾಭಿವೃದ್ಧಿ ಪ್ರಾಧಿಕಾರ, ನಡುವೆ ಜೋಡಿ ಹಳಿ ಇದೆ. ವಿಶ್ವವಿದ್ಯಾಲಯ ಇರುವ ತೋಳಹುಣಸೆಯಲ್ಲೂ ರೈಲು ನಿಲ್ದಾಣ ಇದೆ. ಹರಿಹರ, ದಾವಣಗೆರೆ, ತೋಳಹುಣಸೆ ನಡುವೆ ಬೆಳಿಗ್ಗೆ ಸಂಜೆ ನಾಲ್ಕು ಬೋಗಿಯ ಸಣ್ಣ ರೈಲು ಓಡಿದರೆ ಎಷ್ಟು ಸಾವಿರ ವಿದ್ಯಾರ್ಥಿಗಳು, ನೌಕರರು ಹೆದ್ದಾರಿಯ ಬೈಕಿನಿಂದ ಇಳಿಯುತ್ತಾರೆ ಯೋಚಿಸಿ. ಈಗ ಬೆಂಗಳೂರಿಗೆ ರೈಲು ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಸುತ್ತಿ ಹೋಗುತ್ತದೆ. ತುಮಕೂರು, ಚಿತ್ರದುರ್ಗ, ದಾವಣಗೆರೆ ನೇರ ಮಾರ್ಗ ಮುಗಿದ ದಿನ ಆ ಪ್ರಯಾಣ ಹತ್ತಿರವಾಗುತ್ತದೆ. ಆದರೆ ನಿಲ್ದಾಣದಲ್ಲಿ ಇಳಿದವರು ಹೊರಗೆ ಬಂದ ಕೂಡಲೇ ಎಲ್ಲಿ ನಡೆಯುತ್ತಾರೆ? ಹಳಿಯ ಒಂದು ಬದಿಗೆ ಹಳೇ ಪೇಟೆ, ಇನ್ನೊಂದು ಬದಿಗೆ ಹೊಸ ಬಡಾವಣೆಗಳು. ಅಶೋಕ ಟಾಕೀಸ್ ಬಳಿಯ ರೈಲ್ವೆ ಗೇಟಿನಲ್ಲಿ ಎಷ್ಟು ತಲೆಮಾರು ಕಾದಿದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹಳಿ ದಾಟಿಸುವ ಪ್ರತಿಯೊಂದು ಯೋಜನೆಯಲ್ಲೂ ನಾವು ಮೊದಲು ಕೇಳಬೇಕಾದ ಪ್ರಶ್ನೆ ಇದು: ನಡೆದು ಹೋಗುವವರಿಗೆ, ಸೈಕಲ್ಲಿನವರಿಗೆ ಒಣಗಿದ, ಬೆಳಕಿರುವ ದಾರಿ ಎಲ್ಲಿದೆ?

ಇದನ್ನೆಲ್ಲ ಯಾರನ್ನು ಕೇಳುವುದು? 2025ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟ್, ಅಡ್ಡಿಯಿಲ್ಲದ ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಅವ್ವನ ಹನ್ನೊಂದು ಇಳಿತಗಳು ಇನ್ನು ಬರೀ ತೊಂದರೆಯಲ್ಲ, ಹಕ್ಕಿನ ಉಲ್ಲಂಘನೆ. ಮೂರು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು 74ನೇ ತಿದ್ದುಪಡಿ ಸಂವಿಧಾನದಲ್ಲೇ ಬರೆದಿದೆ. ನಮ್ಮ ಪಾಲಿಕೆಯಲ್ಲಿ 45 ವಾರ್ಡುಗಳಿವೆ. ನಿಮ್ಮ ವಾರ್ಡಿನ ಸಮಿತಿಯಲ್ಲಿ ಯಾರಿದ್ದಾರೆ, ಅದು ಎಂದು ಸೇರುತ್ತದೆ ಎಂದು ಅರ್ಜಿ ಬರೆದು ಕೇಳಿ. ಹೊಸ ಬಡಾವಣೆಗೆ ಅನುಮೋದನೆ ಕೊಡುವಾಗ ಬಸ್ ಸ್ಟಾಪಿನ ಜಾಗ, 1.8 ಮೀಟರ್ ಫುಟ್‌ಪಾತ್, ಪಕ್ಕದ ಬಡಾವಣೆಗೆ ನಡೆದು ಹೋಗುವ ದಾರಿ ನಕ್ಷೆಯಲ್ಲಿದೆಯೇ ಎಂದು ಪ್ರಾಧಿಕಾರವನ್ನು ಕೇಳಿ. ಸೈಟು ಕೊಳ್ಳುವಾಗ ರಸ್ತೆ ಎಷ್ಟು ಅಡಿ ಎಂದು ಎಲ್ಲರೂ ಕೇಳುತ್ತೇವೆ. ಮಗು ಶಾಲೆಗೆ ಹೇಗೆ ನಡೆದು ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ.

ಮಾತು ಮುಗಿಸುವ ಮೊದಲು ಈ ಕಡೆ ಕುಳಿತ ಯುವಕರೊಬ್ಬರು ಚೀಟಿ ಕಳಿಸಿದ್ದಾರೆ: "ಮೇಡಂ, ನನ್ನ ಬೈಕ್ ಬಿಡಿ ಎನ್ನುತ್ತೀರಾ? ನನ್ನ ಡ್ಯೂಟಿ ರಾತ್ರಿ ಹನ್ನೊಂದಕ್ಕೆ ಮುಗಿಯುತ್ತದೆ." ಇಲ್ಲಪ್ಪ. ರಾತ್ರಿ ಹನ್ನೊಂದಕ್ಕೆ ನಿನಗೆ ಬಸ್ಸು ಕೊಡದ ಊರು ಬೈಕು ಬಿಡು ಎಂದು ಹೇಳುವಂತಿಲ್ಲ. ಆದರೆ ನಾನು ಹೇಳಿದ 2022ರ ಲೆಕ್ಕದಲ್ಲೇ ಸತ್ತವರ ಪೈಕಿ 74,897 ಮಂದಿ ದ್ವಿಚಕ್ರ ವಾಹನದವರು, ಹೆಚ್ಚುಕಡಿಮೆ ನೂರಕ್ಕೆ ನಲವತ್ತೈದು. ಬೈಕು ನಿನ್ನ ಆಯ್ಕೆಯಾಗಿರಲಿ, ಗತ್ಯಂತರವಿಲ್ಲದ ದಾರಿ ಆಗದಿರಲಿ. ಹೆಲ್ಮೆಟ್ ಹಾಕಿಕೋ. ಮತ್ತು ಜೀಬ್ರಾ ಪಟ್ಟಿಯ ಹತ್ತಿರ ಒಬ್ಬ ಮುದುಕಿ ನಿಂತಿರುವುದನ್ನು ಕಂಡರೆ ಗಾಡಿ ನಿಲ್ಲಿಸು. ಅವಳಿಗೆ 20 ಸೆಕೆಂಡು ಬೇಕು.

ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಜಯದೇವ ವೃತ್ತದಲ್ಲಿ ಸೇರೋಣ. ಅಲ್ಲಿಂದ ರೈಲು ನಿಲ್ದಾಣದವರೆಗೆ ನಡೆದು, ಎರಡೂ ಬದಿಯ ಫುಟ್‌ಪಾತನ್ನು ಅಳೆದು, ಎಲ್ಲಿ ಇಳಿಯಬೇಕು, ಎಲ್ಲಿ ಹತ್ತಬೇಕು ಎಂದು ನಕ್ಷೆಯ ಮೇಲೆ ಗುರುತು ಹಾಕಿ, ಮಾರನೆಯ ದಿನ ಪಾಲಿಕೆಗೆ ಕೊಡುವುದು. ಅವ್ವನೂ ಬರುತ್ತೇನೆ ಎಂದಿದ್ದಾಳೆ. ಟೇಪು ನಾನು ತರುತ್ತೇನೆ. ನೀವು ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ತನ್ನಿ.